ನಿದ್ದೆಯಿಂದೆದ್ದ ಲಿನಕ್ಸ್: ಸೇವೆಗಳ ಹೊಣೆ ಯಾರದು?

ಕರೆಂಟು ಹೋದೊಡನೆ ಬ್ಯಾಟರಿ ಉಳಿಸಲೆಂದು ಲ್ಯಾಪ್‌ಟಾಪ್ ಮುಚ್ಚಿಡುವುದು ನರಗುಂದ ತಾಲ್ಲೂಕಿನ ನಮ್ಮ ಶಿರೋಳದಲ್ಲಿ ರೂಢಿ. ಮತ್ತೆ ತೆರೆದರೆ ಬರೆಯುತ್ತಿದ್ದ ಕಡತ ಇದ್ದ ಹಾಗೇ ಇರುತ್ತದೆ. ವೈಫೈ ಮಾತ್ರ ಹತ್ತುವುದಿಲ್ಲ, ಇಲ್ಲವೇ ಬ್ಲೂಟೂತ್ ಮೌಸ್ ಅಲುಗುವುದಿಲ್ಲ. ಲಿನಕ್ಸ್‌ನಲ್ಲಿ ತೆರೆಮರೆಯಲ್ಲಿ ಓಡುವ ಇಂಥ ಸೇವೆಗಳನ್ನು ನಿದ್ದೆಯ (ಸಸ್ಪೆಂಡ್) ನಂತರ ದಾರಿಗೆ ತರುವ ಪ್ರಯತ್ನಕ್ಕೆ ದೀರ್ಘ ಚರಿತ್ರೆಯೇ ಇದೆ.

ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1992ರಲ್ಲಿ ತಂದ ಎಪಿಎಂ ಎಂಬ ವಿದ್ಯುತ್ ನಿರ್ವಹಣಾ ವ್ಯವಸ್ಥೆಯಲ್ಲಿ ನಿದ್ದೆಯ ಲಗಾಮು ಕಂಪ್ಯೂಟರಿನ ಫರ್ಮ್‌ವೇರ್ ಆದ ಬಯಾಸ್ ಕೈಯಲ್ಲಿತ್ತು. 1996ರಲ್ಲಿ ಬಂದ ಎಸಿಪಿಐ ಮಾನದಂಡ ಆ ಲಗಾಮನ್ನು ಕಾರ್ಯಾಚರಣ ವ್ಯವಸ್ಥೆಗೆ ಒಪ್ಪಿಸಿತು. ಅಲ್ಲಿಂದ ಮುಂದಿನ ತೊಡಕುಗಳೆಲ್ಲ ಲಿನಕ್ಸ್‌ನವೇ ಆದವು.

ಮೂಲ ತೊಡಕು ಇದು: ನಿದ್ದೆಗೆ ಮುನ್ನ ಲಿನಕ್ಸ್‌ನ ತಿರುಳಾದ ಕರ್ನೆಲ್ ಈ ಸೇವೆಗಳನ್ನು ನಿಲ್ಲಿಸುವುದಿಲ್ಲ, ಇದ್ದಲ್ಲೇ ಸ್ತಬ್ಧಗೊಳಿಸುತ್ತದೆ. ಎದ್ದ ಮೇಲೆ ಸೇವೆ ನಿಂತ ಸಾಲಿನಿಂದಲೇ ಮುಂದುವರಿಯುತ್ತದೆ. ನಡುವೆ ಮೂರು ತಾಸು ಕಳೆದದ್ದು ಅದಕ್ಕೆ ತಿಳಿದಿರುವುದಿಲ್ಲ. ಅತ್ತ ಸರ್ವರ್ ಸಂಪರ್ಕ ಕಡಿದುಕೊಂಡಿರುತ್ತದೆ, ಇತ್ತ ಸೇವೆ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಹಲವು ಸೇವೆಗಳು ನೆಚ್ಚಿಕೊಂಡ ಮೊನೊಟಾನಿಕ್ ಗಡಿಯಾರವೂ ನಿದ್ದೆಯ ಹೊತ್ತನ್ನು ಎಣಿಸುವುದಿಲ್ಲ. ಅದನ್ನೂ ಎಣಿಸುವ ಬೂಟ್‌ಟೈಮ್ ಗಡಿಯಾರ ಬಂದದ್ದು 2011ರಲ್ಲಿ.

ಮೊದಲ ಪರಿಹಾರ ಸ್ಕ್ರಿಪ್ಟುಗಳದು. ನಿದ್ದೆ-ಎಚ್ಚರ ನೋಡಿಕೊಳ್ಳುತ್ತಿದ್ದ ಪಿಎಂ-ಯುಟಿಲ್ಸ್ ಎಂಬ ಸಲಕರಣೆಯ ಕಾಲದಲ್ಲಿ ಸ್ಲೀಪ್.ಡಿ ಕಡತಕೋಶದಲ್ಲಿ ಅಂಕಿ ಹಚ್ಚಿದ ಸ್ಕ್ರಿಪ್ಟುಗಳಿರುತ್ತಿದ್ದವು. ಮಲಗುವಾಗ ಏರುಕ್ರಮದಲ್ಲಿ, ಏಳುವಾಗ ಇಳಿಕ್ರಮದಲ್ಲಿ ಅವು ಓಡುತ್ತಿದ್ದವು. ಕ್ರಮ ಅಚ್ಚುಕಟ್ಟಾಗಿತ್ತು. ಆದರೆ ಹೆಚ್ಚಿನವರು ಕಣ್ಣುಮುಚ್ಚಿ ಆ ಸ್ಕ್ರಿಪ್ಟುಗಳಲ್ಲಿ ಸೇವೆಗೆ ‘ರೀಸ್ಟಾರ್ಟ್’ ಎಂದು ಬರೆದರು. ರೋಗ ಹುಡುಕುವ ಗೋಜಿಗೆ ಹೋದವರು ಕಡಿಮೆ.

ಕರ್ನೆಲ್ ಒಳಗಿನ ರೋಗವೊಂದನ್ನು ಹುಡುಕಿ ಸರಿಪಡಿಸಿದವರಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ಶ್ರೀವತ್ಸ ಭಟ್ ಅವರನ್ನು ಇಲ್ಲಿ ನೆನೆಯಲೇಬೇಕು. ನಿದ್ದೆಗೆ ಜಾರುವಾಗ ಕರ್ನೆಲ್ ಒಂದನ್ನು ಬಿಟ್ಟು ಉಳಿದ ಸಿಪಿಯುಗಳನ್ನೆಲ್ಲ ಕಳಚುತ್ತದೆ. ಯಾವ ಸೇವೆ ಯಾವ ಸಿಪಿಯುಗಳ ಮೇಲೆ ಓಡಬೇಕೆಂದು ಬಳಕೆದಾರ ಗೊತ್ತುಮಾಡಿದ್ದ ಪಟ್ಟಿ, ಅಂದರೆ ಸಿಪಿಯುಸೆಟ್, ಆಗ ಕುಗ್ಗುತ್ತಿತ್ತು. ಎದ್ದ ಮೇಲೆ ಸಿಪಿಯುಗಳು ಮರಳಿದರೂ ಪಟ್ಟಿ ಮೊದಲಿನಂತಾಗುತ್ತಿರಲಿಲ್ಲ. ನಿದ್ದೆಯ ಹೊತ್ತಿನಲ್ಲಿ ಆ ಪಟ್ಟಿಯನ್ನು ಮುಟ್ಟದಂತೆ ಅವರು 2012ರಲ್ಲಿ ತಿದ್ದಿದರು. ಮಲಗುವ ಮುನ್ನ ಇದ್ದ ಸ್ಥಿತಿಯನ್ನೇ ಮರಳಿಸುವುದು ಕರ್ನೆಲ್‌ನ ಹೊಣೆ ಎಂಬುದು ಅವರ ವಾದ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವ ಮಾತು ಅದೇ.

ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಂಡಿ 2010ರಲ್ಲಿ ಬಂದು ಆಟದ ನಿಯಮ ಬದಲಿಸಿತು. 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಅದನ್ನು ಒಪ್ಪಿಕೊಂಡಾಗ ಪಿಎಂ-ಯುಟಿಲ್ಸ್‌ನ ಹಳೆಯ ಸ್ಕ್ರಿಪ್ಟುಗಳು ಇದ್ದಲ್ಲೇ ಇದ್ದವು, ಅವನ್ನು ಓಡಿಸುವವರಿರಲಿಲ್ಲ. ಹೊಸ ಸಿಸ್ಟಂ-ಸ್ಲೀಪ್ ಕಡತಕೋಶದ ಸ್ಕ್ರಿಪ್ಟುಗಳಿಗೆ ಮಲಗುವ ಮುನ್ನ ‘ಪ್ರಿ’, ಎದ್ದ ಮೇಲೆ ‘ಪೋಸ್ಟ್’ ಎಂಬ ಸೂಚನೆ ಸಿಗುತ್ತದೆ. ಆದರೆ ಎಲ್ಲವೂ ಏಕಕಾಲಕ್ಕೆ ಓಡುತ್ತವೆ, ಹಿಂದಿನ ಕ್ರಮವಿಲ್ಲ. ಇದಕ್ಕಿಂತ ಹಸನಾದದ್ದು ಸಿಸ್ಟಂಡಿಯ ನಿದ್ದೆಯ ಗುರುತಾದ ಸಸ್ಪೆಂಡ್.ಟಾರ್ಗೆಟ್‌ನ ನಂತರ ಓಡುವಂತೆ ಪುಟ್ಟ ಯೂನಿಟ್, ಅಂದರೆ ಏನನ್ನು ಯಾವಾಗ ಓಡಿಸಬೇಕೆಂದು ಸಿಸ್ಟಂಡಿಗೆ ತಿಳಿಸುವ ಕಡತ, ಬರೆಯುವುದು. ನಿದ್ದೆ ಮುಗಿದ ಮೇಲಷ್ಟೇ ಅದು ಶುರುವಾಗುತ್ತದೆ, ಏನಾಯಿತೆಂಬುದು ಸಿಸ್ಟಂಡಿಯ ದಾಖಲೆ ಪುಸ್ತಕವಾದ ಜರ್ನಲ್‌ನಲ್ಲಿ ಸೇರುತ್ತದೆ.

ನಿಜವಾದ ಮುನ್ನಡೆ ಸಿಸ್ಟಂಡಿಯದೇ ಭಾಗವಾದ ಲಾಗಿನ್‌ಡಿಯದು. ‘ಮಲಗುವ ಹೊತ್ತಾಯಿತು’, ‘ಎದ್ದೆವು’ ಎಂದು ಅದು ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಮೂಲಕ ಸೇವೆಗಳಿಗೇ ಸಾರುತ್ತದೆ. ಸಿದ್ಧತೆಗೆ ಸೇವೆ ಕಾಲಾವಕಾಶವನ್ನೂ ಕೇಳಬಹುದು. ಮೊದಲೇ ನಿಗದಿಯಾದ ಮಿತಿ 5 ಸೆಕೆಂಡು. ನೆಟ್‌ವರ್ಕ್‌ಮ್ಯಾನೇಜರ್ ಇದನ್ನೇ ಬಳಸಿ ಸಂಪರ್ಕ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸ್ಕ್ರಿಪ್ಟ್ ಹೊರಗಿನಿಂದ ತಟ್ಟಿ ಎಬ್ಬಿಸುವುದಕ್ಕಿಂತ ಸೇವೆ ತಾನೇ ಎಚ್ಚೆತ್ತುಕೊಳ್ಳುವುದು ಎಷ್ಟೋ ಮೇಲು.

ಆದ್ದರಿಂದ ನಿಮ್ಮ ಲ್ಯಾಪ್‌ಟಾಪ್ ಎದ್ದ ಮೇಲೆ ಯಾವುದಾದರೂ ಸೇವೆ ಮುಷ್ಕರ ಹೂಡಿದರೆ ಮೊದಲು ಜರ್ನಲ್ ತೆರೆದು ಅದರ ಸಾಲುಗಳನ್ನು ಓದಿ. ಆ ಒಂದೇ ಸೇವೆಗೆ ಯೂನಿಟ್ ಬರೆದು ಕೆಲಸ ಸಾಗಿಸಿ. ಜೊತೆಗೆ ಆ ಸಾಲುಗಳನ್ನು ಸೇವೆ ಬರೆದವರಿಗೆ ಕಳಿಸಿಕೊಡಿ.