ಹೆಗ್ಗೋಡಿನ ರಂಗಭೂಮಿ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, 1949ರಲ್ಲಿ, ಊರಿನ ಕೆಲವರು ಉತ್ಸಾಹಿಗಳು ಒಂದುಗೂಡಿ ಸ್ಥಳೀಯ ದೈವವಾದ ನೀಲಕಂಠೇಶ್ವರನ ಹೆಸರಿನಲ್ಲಿ ಸ್ಥಾಪಿಸಿದ ನಾಟ್ಯಸೇವಾ ಸಂಘವು ಮುಂದೆ 'ನೀನಾಸಮ್' ಎಂಬ ಹ್ರಸ್ವನಾಮದಿಂದ ನಾಡಿಗೆಲ್ಲ ಪರಿಚಿತವಾಯಿತು. ಯಕ್ಷಗಾನದ ಚೆಂಡೆಮದ್ದಳೆಗಳೂ ಕಂಪನಿ ನಾಟಕಗಳ ರಂಗಗೀತೆಗಳೂ ಕಿವಿದುಂಬಿದ್ದ ಆ ಸೀಮೆಯ ಜನಕ್ಕೆ ನಾಟಕದ ಹುಚ್ಚು ಮೊದಲೇ ಇದ್ದಿತು. ಆ ಹುಚ್ಚನ್ನು ವರ್ಷವರ್ಷವೂ ಬಲಿಯುವ ವ್ಯಾಸಂಗವನ್ನಾಗಿ ಮಾರ್ಪಡಿಸಿದ ಕೀರ್ತಿ ಸಂಘದ ಹಿರಿಯರಿಗೂ, ಮೈಸೂರಿನಲ್ಲಿ ಕುವೆಂಪು ಅವರ ಶಿಷ್ಯರಾಗಿ ಓದಿ ಊರಿನ ಅಡಿಕೆತೋಟಕ್ಕೆ ಹಿಂದಿರುಗಿದ ಕೆ. ವಿ. ಸುಬ್ಬಣ್ಣನವರಿಗೂ ಸಲ್ಲತಕ್ಕದ್ದು.

ಮಲೆನಾಡಿನಲ್ಲಿ ಹವ್ಯಾಸಿ ನಾಟಕಕ್ಕೆ ಮುಹೂರ್ತವಿಡುವುದು ಪಂಚಾಂಗಕ್ಕಿಂತ ಹೆಚ್ಚಾಗಿ ಅಡಿಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಅವಸರ; ಚಳಿ ಹಿಡಿಯಿತೆಂದರೆ ಕೊಯ್ಲು, ಸುಲಿತ, ಬೇಯಿಸುವಿಕೆ. ಮೆಟ್ಟುಗತ್ತಿಯ ಮುಂದೆ ಕುಳಿತು ದುಡಿದವನು, ಬೆರಳಿಗೆ ಹತ್ತಿದ ಚೊಗರು ಎಷ್ಟು ತೊಳೆದರೂ ಹೋಗದಿರಲು ಹಾಗೆಯೇ ಊಟ ಮುಗಿಸಿ, ಬ್ಯಾಟರಿ ಹಿಡಿದು ಗದ್ದೆಯಂಚಿನಲ್ಲಿ ನಡೆದುಬಂದು, ತಾಲೀಮಿನಲ್ಲಿ ರಾಜನ ಮಾತುಗಳನ್ನು ಒಪ್ಪಿಸುವನು. ಪ್ರದರ್ಶನದ ರಾತ್ರಿ ಎದುರಿಗೆ ಕುಳಿತಿರತಕ್ಕವರು ಅವನ ಜಗಳ, ಸಾಲ, ಮದುವೆಗಳೆಲ್ಲವನ್ನೂ ಬಲ್ಲ ನೆರೆಹೊರೆಯವರು. ಇಂತಹ ಸಭೆಯನ್ನು ಒಲಿಸಿಕೊಳ್ಳುವುದು ಅಪರಿಚಿತರನ್ನು ಮೆಚ್ಚಿಸುವುದಕ್ಕಿಂತ ಬಹಳ ಕಠಿಣವೆಂದು ನನ್ನ ನಂಬಿಕೆ.

1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕವಾಡುವ 'ತಿರುಗಾಟ', ಹೀಗೆ ಒಂದರ ಬೆನ್ನಿಗೆ ಒಂದು ಬಂದುವು. ಇವುಗಳಲ್ಲಿ ಚಿತ್ರಸಮಾಜದ ಪಾತ್ರವನ್ನು ನಾವು ಸಾಕಷ್ಟು ಗಣಿಸಿಲ್ಲ. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯನ್ನೂ ಕುರೊಸಾವಾನ 'ರಾಶೊಮಾನ್' ಅನ್ನೂ ಕೃಷಿಕರ ಮುಂದಿಟ್ಟು, ಅವುಗಳ ಮೇಲೆ ಚರ್ಚೆಗೆ ಕರೆದ ಧೈರ್ಯವು ಹಳ್ಳಿಗನ ರಸಜ್ಞತೆಯ ಮೇಲಿನ ಗೌರವದಿಂದ ಹುಟ್ಟಿದುದು. ಆ ಗೌರವವಿಲ್ಲದಿದ್ದರೆ ರಂಗಮಂದಿರವು ಬರಿಯ ಕಟ್ಟಡವಾಗಿ ಉಳಿಯುತ್ತಿದ್ದಿತು.

ಅದೇ ಗೌರವವು ಹೆಗ್ಗೋಡಿನ ಗಡಿಯನ್ನೂ ದಾಟಿತು. ಉತ್ತರ ಕನ್ನಡದ ಮಂಚಿಕೇರಿಯಲ್ಲಿ, ಆಫ್ರಿಕಾ ಮೂಲದವರಾಗಿ ತಲೆಮಾರುಗಳಿಂದ ಅಲ್ಲಿಯೇ ನೆಲೆಸಿರುವ ಸಿದ್ದಿ ಜನರು, ನೀನಾಸಮ್‌ನ ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ, ನೈಜೀರಿಯದ ಚಿನುವಾ ಅಚಿಬೆಯ ಕಾದಂಬರಿಯನ್ನಾಧರಿಸಿದ 'ಕಪ್ಪು ಜನ ಕೆಂಪು ನೆರಳು' ನಾಟಕವನ್ನಾಡಿದರು. ಸದಾ ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದ ಜನವೇ ರಂಗದ ನಡುವೆ ನಿಂತು ಮಾತನಾಡಿದುದನ್ನು ನಮ್ಮ ರಂಗಚರಿತ್ರೆಯ ಅತ್ಯಂತ ಶ್ರೇಷ್ಠ ಪ್ರಸಂಗಗಳಲ್ಲೊಂದೆಂದು ನಾನು ಎಣಿಸುತ್ತೇನೆ.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆತಾಗ ನಾಡೇ ಹಿಗ್ಗಿತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಶಿಕ್ಷಣಕೇಂದ್ರ ಮತ್ತು ತಿರುಗಾಟಗಳು ನಿಲ್ಲದೆ ನಡೆದುಬಂದುವು. ಆದರೆ ಸಂಸ್ಥೆಯ ಚರಿತ್ರೆ ದೊಡ್ಡದಾದಂತೆ, ಬಣ್ಣ ಬಳಿದ, ಪರದೆ ಎಳೆದ, ಬೆಂಚು ಹೊತ್ತ ಊರವರ ನೆನಪು ಬರಹಕ್ಕೆ ಇಳಿಯದೆ ಉಳಿಯುವ ಭಯವುಂಟು. ನಿಮ್ಮ ಊರುಗಳಲ್ಲಿಯೂ ಹಳೆಯ ನಾಟಕಗಳ ಕೈಬರಹದ ಪ್ರತಿಗಳು, ಕರಪತ್ರಗಳು, ಛಾಯಾಚಿತ್ರಗಳು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿರಬಹುದು. ಅವನ್ನು ಕೆಳಗಿಳಿಸಿ, ಅಂದು ವೇಷ ಕಟ್ಟಿದ ಹಿರಿಯರ ಬಳಿ ಕುಳಿತು, ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಬೇಕೆಂದು ವಾಚಕರಲ್ಲಿ ನನ್ನ ಪ್ರಾರ್ಥನೆ.