ಜಿಂಕೆಯ ಬೇಟೆಗೆ ತೋಟಾ: ಆಯ್ಕೆಯೋ ಕಟ್ಟಳೆಯೋ?

ಹಲಸೂರಿನಿಂದ ವರ್ತೂರಿನ ಕಡೆಗೆ ಹೋಗುವ ಹಾದಿಯಲ್ಲಿ, ವಿಮಾನ ಕಾರ್ಖಾನೆಯನ್ನು ದಾಟಿದ ಮೇಲೆ ಸಿಕ್ಕುವ ಮಾರತ್ತಹಳ್ಳಿಯಲ್ಲಿ ನಿಂತು ಬೇಟೆಯ ಮಾತೆತ್ತುವುದು ಇಂದು ವಿಚಿತ್ರವಾಗಿ ತೋರಬಹುದು. ಆದರೆ 1940ರಲ್ಲಿ ಸ್ಥಾಪಿತವಾದ ಆ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದ ಕೆನೆತ್ ಆಂಡರ್ಸನ್ (1910-1974) ಈ ಸೀಮೆಯ ಬೇಟೆಗಾರರಲ್ಲಿ ಪ್ರಖ್ಯಾತರು. ಅವರ ಕೈಯಲ್ಲಿದ್ದುದು ಅಮೆರಿಕದ.405 ವಿಂಚೆಸ್ಟರ್. ಕೆಲವೇ ಮೈಲಿಗಳಾಚೆ, 1809ರಲ್ಲಿ ನೆಲೆಗೊಂಡ ದಂಡಿನ ಸೈನಿಕರು ಹಿಡಿದಿದ್ದುದು .303. ಖಾಸಗಿ ಬೇಟೆಗಾರರು ಸಾಮಾನ್ಯವಾಗಿ ಅದನ್ನು ಬಿಟ್ಟು ಬೇರೆ ಅಳತೆಗಳನ್ನು ಅರಸಬೇಕಾದುದೇಕೆ? ತೋಟಾದ ಆಯ್ಕೆಯಲ್ಲಿ ಮೃಗದ ಮೈಕಟ್ಟಿಗಿಂತ ಆಳುವವರ ಭಯವೇ ಹೆಚ್ಚು ಕೆಲಸಮಾಡಿತೆಂಬುದು ನಮ್ಮ ಅಭಿಪ್ರಾಯ.

ಮೃಗದ ಲೆಕ್ಕವನ್ನೂ ಅಲಕ್ಷಿಸುವಂತಿಲ್ಲ. ಮೈಸೂರು ಸರಕಾರದ ಆನೆ ಹಿಡಿಯುವ ಕಾರ್ಯದಲ್ಲಿದ್ದ ಸ್ಯಾಂಡರ್ಸನ್ ತಮ್ಮ ಗ್ರಂಥವನ್ನು ಪ್ರಕಟಿಸಿದ 1878ರ ಕಾಲಕ್ಕೆ ಆನೆ ಕಾಟಿಗಳಿಗೆ ನಾಲ್ಕು, ಎಂಟು ಬೋರಿನ ಭಾರವಾದ ಕೋವಿಗಳೂ, ಜಿಂಕೆ ಕಡವೆಗಳಿಗೆ ಹಗುರ ಗುಂಡಿಗೆ ಹೆಚ್ಚು ಮದ್ದು ತುಂಬಿದ 'ಎಕ್ಸ್‌ಪ್ರೆಸ್' ರೈಫಲುಗಳೂ ಬಳಕೆಯಲ್ಲಿದ್ದವು. ಮುಂದೆ ಹೊಗೆಯಿಲ್ಲದ ಮದ್ದು ಬಂದು ಗುಂಡಿನ ವೇಗ ಹೆಚ್ಚಲು, ಸೀಸಕ್ಕೆ ಲೋಹದ ಕವಚ ತೊಡಿಸಬೇಕಾಯಿತು. ಪೂರ್ಣ ಕವಚದ ಸೈನಿಕ ಗುಂಡು ಜಿಂಕೆಯ ಮೈಯನ್ನು ಸಣ್ಣ ರಂಧ್ರಮಾಡಿ ಹಾದುಹೋಗುತ್ತದೆ. ಗಾಯಗೊಂಡ ಮೃಗ ಪೊದೆ ಸೇರಿ ನರಳಿ ಸಾಯುತ್ತದೆ. ಮೂತಿಯಲ್ಲಿ ಸೀಸ ತೆರೆದಿರುವ ಗುಂಡಾದರೋ ಒಳಹೊಕ್ಕು ಅರಳಿ ಬೇಗನೆ ಕೊಲ್ಲುತ್ತದೆ. ಇಂತಹ ಗುಂಡನ್ನೇ 1896ರ ಸುಮಾರಿಗೆ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಸೈನ್ಯಕ್ಕಾಗಿ ತಯಾರಿಸಿದರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಮನುಷ್ಯನ ಮೇಲೆ ಕ್ರೌರ್ಯವೆನಿಸಿದ ಗುಂಡು ಜಿಂಕೆಯ ಮಟ್ಟಿಗೆ ದಯೆಯಾಗಿ ಉಳಿಯಿತು!

ಸ್ಯಾಂಡರ್ಸನ್ನರ ಗ್ರಂಥ ಹೊರಬಂದ ವರ್ಷವೇ ಲಿಟ್ಟನ್ನನ ಶಸ್ತ್ರ ಶಾಸನವೂ ಬಂದಿತು. ಯುರೋಪಿಯನ್ನರಿಗೆ ವಿನಾಯಿತಿ, ದೇಶೀಯರಿಗೆ ಪರವಾನಿಗೆ. ಪೈರು ಕಾಯುವ ರೈತನಿಗೆ ಬಾಯಿಂದ ಮದ್ದು ತುಂಬುವ ಕೋವಿಯೊಂದು ದೊರೆತರೂ ಅದೇ ದೊಡ್ಡದು. ಅವನ ಮಟ್ಟಿಗೆ ತೋಟಾದ ಆಯ್ಕೆಯೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಸೈನ್ಯದ ತೋಟಾ ದಂಗೆಕೋರರ ಕೈಸೇರೀತೆಂಬ ಶಂಕೆಯಿಂದ .303 ಜನಸಾಮಾನ್ಯರಿಗೆ ನಿಷಿದ್ಧವಾಯಿತು, 1907ರ ಸುಮಾರಿಗೆ.450ಕ್ಕೂ ತಡೆ ಬಿದ್ದು, ಇಂಗ್ಲೆಂಡಿನ ಕೋವಿಗಾರರು .465, .470 ಮುಂತಾದ ಹೊಸ ಅಳತೆಗಳನ್ನು ಮುಂದೊಡ್ಡಿದರು. 1881ರಿಂದ 1947ರವರೆಗೆ ಬೆಂಗಳೂರು ದಂಡುಪ್ರದೇಶವು ಬ್ರಿಟಿಷರ ನೇರ ಆಡಳಿತದಲ್ಲಿದ್ದುದರಿಂದ ಈ ನೀತಿ ಇಲ್ಲಿಯವರ ಬಾಗಿಲಿಗೇ ಬಂದಂತಾಗಿತ್ತು.

ಇದರ ಫಲವಾಗಿ ನೆಲೆನಿಂತ ತೋಟಾ .315. ಇದು ಮೂಲತಃ ಆಸ್ಟ್ರಿಯಾ ಸೈನ್ಯದ 8 ಮಿ.ಮೀ. ಮಾನ್‌ಲಿಖರ್, ಬ್ರಿಟಿಷ್ ಸೈನ್ಯದ್ದಲ್ಲವೆಂಬುದೇ ಇದರ ಅರ್ಹತೆ. ಸ್ವಾತಂತ್ರ್ಯಾನಂತರ ನಮ್ಮ ಸರಕಾರಿ ಕಾರ್ಖಾನೆಗಳೂ ಇದೇ ಅಳತೆಯ ರೈಫಲನ್ನು ತಯಾರಿಸಿದವು. 244 ಗ್ರೇನು, ಎಂದರೆ ಸುಮಾರು 16 ಗ್ರಾಂ ತೂಕದ ಮೃದುಮೂತಿಯ ಗುಂಡು ಕಡವೆಗೂ ಸಾಲುವಂಥದು. ಪರಕೀಯರ ಶಂಕೆಯಿಂದ ಹುಟ್ಟಿದ ನಿಷಿದ್ಧ ಬೋರಿನ ಭೇದವನ್ನು 1959ರ ಶಸ್ತ್ರ ಶಾಸನವೂ ಉಳಿಸಿಕೊಂಡುದು ಗಮನಾರ್ಹ. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ಜಿಂಕೆಯ ಬೇಟೆಯೇ ಅಪರಾಧವಾಯಿತು.

ಕೊಡಗಿನ ಸ್ಥಿತಿ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ನೀಡಿದ ವಿನಾಯಿತಿಯ ಪರಂಪರೆ ಇನ್ನೂ ಮುಂದುವರಿದಿದ್ದು, 2019ರ ಆದೇಶದಂತೆ 2029ರವರೆಗೆ ಅದಕ್ಕೆ ಅವಧಿಯಿದೆ. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಅಲ್ಲಿನ ಮನೆಗಳವರು ಕೋವಿಗಳನ್ನು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುತ್ತಾರೆ.