ಕುಮಟಾದಿಂದ ಧಾರವಾಡಕ್ಕೆ, ಅಲ್ಲಿಂದ ಪಕ್ಕದ ಮನೆಗೆ

ಇವತ್ತು ಒಂದು ಘಟ್ಟದ ರಸ್ತೆಯಿಂದ ಶುರು ಮಾಡೋಣ.

19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರ್ತಿತ್ತು. ಬೆಳೆದದ್ದು ಅಲ್ಲಿ, ಪೇಟೆಯಲ್ಲಿ ಅದರ ಹೆಸರು ಮಾತ್ರ ‘ಕುಮಟಾ ಹತ್ತಿ’. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿತು. ಧಾರವಾಡ ಮೊದಲೇ ಮುಂಬೈಗೆ ಸೇರಿತ್ತು, ಅಲ್ಲಿ 1845ರಿಂದ ಒಂದು ಹುಚ್ಚಾಸ್ಪತ್ರೆಯೂ ಇತ್ತು. ಆಗ ಅದನ್ನ ಕರೀತಿದ್ದದ್ದೇ ಹಾಗೆ. ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಮಾನಸಿಕ ಕಾಯಿಲೆಗೆ ಸರ್ಕಾರಿ ಆಸ್ಪತ್ರೆ ಬೇಕು ಅಂದ್ರೆ ನದಿ ದಾಟಿ, ಘಟ್ಟ ಏರಿ, ಅಲ್ಲಿವರೆಗೆ ಹೋಗಬೇಕು. ‘ಇವನನ್ನ ಧಾರವಾಡಕ್ಕೆ ಕಳಿಸ್ಬೇಕು’ ಅನ್ನೋ ಹಂಗಿಸುವ ಮಾತು ಇವತ್ತಿಗೂ ಸತ್ತಿಲ್ಲ, ಕೇಳಿರ್ತೀರಿ.

1858ರ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟ್ ಆದೇಶ ಇತ್ತು, ವೈದ್ಯರ ಸರ್ಟಿಫಿಕೇಟ್ ಇತ್ತು. ಒಳಗೆ ಹೋಗುವ ಮನುಷ್ಯನ ಮಾತಿಗೆ ಬೆಲೆ ಇರ್ಲಿಲ್ಲ.

ಆದ್ರೆ ಅದಕ್ಕೂ ಅರ್ಧ ಶತಮಾನ ಮೊದಲೇ ಪ್ಯಾರಿಸ್‌ನಲ್ಲಿ ಬೇರೆಯೇ ಒಂದು ಪ್ರಯೋಗ ನಡೆದಿತ್ತು. ಬಿಸೆತ್ರ್ ಆಸ್ಪತ್ರೆಗೆ ಗಂಟಲಗಂಟಿನ ಕ್ಷಯಕ್ಕೆ ರೋಗಿಯಾಗಿ ಬಂದ ಜಾನ್ ಬಾಪ್ತಿಸ್ತ್ ಪ್ಯುಸಾಂ, ವಾಸಿಯಾದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿ ಮಾನಸಿಕ ರೋಗಿಗಳ ವಾರ್ಡಿನ ಮೇಲ್ವಿಚಾರಕನಾದ. ಅವನು ಮಾಡಿದ ಜಾಣತನ ಏನಂದ್ರೆ, ಚೇತರಿಸಿಕೊಂಡ ರೋಗಿಗಳನ್ನೇ ಆರೈಕೆ ಕೆಲಸಕ್ಕೆ ತಗೊಂಡದ್ದು. ಹೊಡೆತ ತಿಂದವರು ಹೊಡೆಯೋದು ಕಮ್ಮಿ ಅಲ್ವಾ? 1793ರಲ್ಲಿ ಅಲ್ಲಿಗೆ ಬಂದ ಡಾಕ್ಟರ್ ಪಿನೆಲ್‌ಗೂ ಈ ಪದ್ಧತಿ ಹಿಡಿಸಿತು. ಪುಸ್ತಕಗಳಲ್ಲಿ ಸರಪಳಿ ಬಿಚ್ಚಿದ ಕೀರ್ತಿ ಪಿನೆಲ್‌ಗೇ ಹೋಗಿದೆ. ಬಿಸೆತ್ರ್‌ನಲ್ಲಿ 1797ರಲ್ಲಿ ಅದನ್ನ ಮಾಡಿದ್ದು ಪ್ಯುಸಾಂ.

ನಮ್ಮಲ್ಲಿ ಬಾಗಿಲು ತೆರೆದದ್ದು ನಿಧಾನವಾಗಿ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನ ಆಸ್ಪತ್ರೆ ಅಂಗಳದ ಡೇರೆಗಳಲ್ಲಿ ಜೊತೆಗೇ ಇರಿಸಿಕೊಂಡರು. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಸಮುದಾಯ ಚಿಕಿತ್ಸೆ ಶುರು ಮಾಡಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕರ್ನಾಟಕಕ್ಕೆ ಹೆಮ್ಮೆಯ ವಿಷಯವೇ. ಆದ್ರೆ ಗಮನಿಸಿ, ಮನೆಯವರಿಗೆ ಜಾಗ ಸಿಕ್ತು, ವೈದ್ಯರಿಗೆ, ನರ್ಸ್‌ಗೆ ತರಬೇತಿ ಸಿಕ್ತು. ಕಾಯಿಲೆ ಅನುಭವಿಸಿದವರು ಮಾತ್ರ ಮೇಜಿನ ಆ ಕಡೆಯೇ ಉಳಿದರು.

ಅವರನ್ನ ಈ ಕಡೆಗೆ ಕರೆಯೋದಕ್ಕೆ ‘ಪಿಯರ್ ಸಪೋರ್ಟ್’ ಅಂತಾರೆ. ಅದೇ ಹಾದಿ ನಡೆದು ಬಂದವರ ಸಾಥ್ ಅಂದ್ಕೊಳ್ಳಿ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ‘ಕ್ವಾಲಿಟಿರೈಟ್ಸ್’ ಕಾರ್ಯಕ್ರಮದಲ್ಲಿ ಗುಜರಾತಿನ ಸರ್ಕಾರಿ ಕೇಂದ್ರಗಳು ಇಂಥವರಿಗೆ ತರಬೇತಿ ಕೊಟ್ಟವು. ಆಮೇಲೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂತು. ಪರಿಶೀಲನಾ ಮಂಡಳಿಯಲ್ಲಿ ನ್ಯಾಯಾಧೀಶರು, ವೈದ್ಯರ ಪಕ್ಕದಲ್ಲಿ ಕಾಯಿಲೆ ಅನುಭವಿಸಿದವರೋ, ಅವರನ್ನ ನೋಡಿಕೊಂಡವರೋ ಕೂರೋಕೆ ಈಗ ಕಾನೂನಿನಲ್ಲೇ ಅವಕಾಶ ಇದೆ.

ಸರಿ, ನಮ್ಮ ಮೂರು ತಾಲೂಕಿಗೆ ಇದೆಲ್ಲ ಹೇಗೆ ಹೊಂದುತ್ತೆ? ಅಡಿಪಾಯ ಆಗ್ಲೇ ಇದೆ ಅನ್ನೋದು ನನ್ನ ವಾದ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲೂಕಿಗೆ ಎಂಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಆರ್‌ಡಬ್ಲ್ಯೂ ಆಗೋರು ಅಂಗವಿಕಲರೇ. ಮಾಸಾಶನದ ಅರ್ಜಿಯಿಂದ ಹಿಡಿದು ಸರ್ಟಿಫಿಕೇಟ್ ತನಕ ಮನೆ ಮನೆಗೆ ಓಡಾಡೋರು ಅವರು. ಅಂಗವಿಕಲತೆಯ ಕಾನೂನಿನ ಪಟ್ಟಿಯಲ್ಲಿ ಮಾನಸಿಕ ಕಾಯಿಲೆ 1995ರಿಂದಲೇ ಇದೆ. ಆದ್ರೂ ಅಂಗವಿಕಲ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ತ್ರಿಚಕ್ರ ವಾಹನ ಮಾತ್ರ.

ತರಬೇತಿ ಅಂದ್ರೆ ಅರ್ಧ ಡಾಕ್ಟರ್ ಮಾಡೋದಲ್ಲ. ಮಾತ್ರೆ ಬದಲಿಸು, ನಿಲ್ಲಿಸು ಅಂತ ಹೇಳುವ ಹಾಗೇ ಇಲ್ಲ. ಮೊದಲು ಕಲಿಯೋದು ಸುಮ್ಮನೆ ಕೂತು ಕೇಳೋದು. ಆಮೇಲೆ ತನ್ನ ಕಥೆಯಲ್ಲಿ ಎಷ್ಟು ಹೇಳಬೇಕು, ಎಷ್ಟು ಇಟ್ಟುಕೊಳ್ಳಬೇಕು ಅನ್ನೋದು. ಜೀವಕ್ಕೆ ಅಪಾಯ ಅನಿಸಿದ್ರೆ ಯಾರಿಗೆ ಫೋನ್ ಮಾಡಬೇಕು, ಕೇಳಿದ ಗುಟ್ಟನ್ನ ಹೇಗೆ ಕಾಪಾಡಬೇಕು. ಇನ್ನು ಭಾಷೆ: ಭಟ್ಕಳದ ಮನೆಯೊಳಗೆ ನವಾಯತಿ, ಹೊನ್ನಾವರದಲ್ಲಿ ಹವ್ಯಕ ಕನ್ನಡ, ಬಂದರಿನ ಕಡೆ ಕೊಂಕಣಿ. ‘ತಲೆಯೊಳಗೆ ಯಾರೋ ಮಾತಾಡ್ತಾರೆ’ ಅನ್ನೋದನ್ನ ಮನೆಮಾತಲ್ಲಿ ಹೇಳೋದಕ್ಕೂ ಡಾಕ್ಟರ್ ಎದುರು ಹೇಳೋದಕ್ಕೂ ವ್ಯತ್ಯಾಸ ಇದೆ.

ಕಷ್ಟಗಳೂ ಸಣ್ಣವಲ್ಲ. ಬೆಂಗಳೂರಲ್ಲಿ ಯಾರೋ ಅಪರಿಚಿತರ ಮುಂದೆ ‘ನನಗೂ ಆಗಿತ್ತು’ ಅನ್ನಬಹುದು. ಮೀನು ಪೇಟೆಯಲ್ಲಿ ದಿನಾ ಸಿಗೋರ ಮುಂದೆ ಹಾಗೆ ಹೇಳಿದ್ರೆ ತಂಗಿ ಮದುವೆ ಮಾತುಕತೆಯವರೆಗೂ ಅದು ಹೋಗುತ್ತೆ. ಹಾಗಾಗಿ ಅನುಭವ ಹೇಳ್ಕೋ ಅಂತ ಯಾರನ್ನೂ ಒತ್ತಾಯ ಮಾಡಬಾರದು. ಸಂಬಳದ ವಿಷಯವೂ ಅಷ್ಟೇ: ‘ಸೇವೆ’ ಅಂತ ಶಾಲು ಹೊದಿಸಿ ಕಳಿಸಿದ್ರೆ ಅದು ಬಿಟ್ಟಿ ದುಡಿಮೆ. ಕಾರ್ಯಕರ್ತರಿಗೇ ಕಾಯಿಲೆ ಮರುಕಳಿಸಿದ್ರೆ? ಜ್ವರಕ್ಕೆ ರಜೆ ಕೊಡಲ್ವಾ, ಹಾಗೇ. ಅದನ್ನ ನೇಮಕದ ದಿನವೇ ಕಾಗದದಲ್ಲಿ ಬರೆದಿರಬೇಕು.

ನಿಮಗೋ, ನಿಮ್ಮವರಿಗೋ ಈಗಲೇ ಮಾತಾಡಬೇಕು ಅನಿಸಿದ್ರೆ ಟೆಲಿ ಮಾನಸ್ ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು. ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.